ಪ್ರಯೋಗಾಲಯದ ಮೂಳೆ ಅಂಗಾಂಶ: ಖನಿಜ ಸಾಂದ್ರತೆಯ ಮಾಪನ

ಕಾಂಡಕೋಶಗಳನ್ನು ಆಧಾರಚೌಕಟ್ಟಿನ ಮೇಲೆ ಬೆಳೆಸಿ ಪಡೆದ ಮೂಳೆ ಅಂಗಾಂಶದಲ್ಲಿ ಎಷ್ಟು ಖನಿಜ ಕೂಡಿದೆಯೆಂದು ಅಳೆಯುವ ವಿಧಾನ. ಮುಖ್ಯ ಸಾಧನ ಮೈಕ್ರೊ-ಸಿಟಿ, ಅಂದರೆ ಎಕ್ಸ್-ಕಿರಣದಿಂದ ಸೂಕ್ಷ್ಮ ಚಿತ್ರ ತೆಗೆಯುವ ಸ್ಕ್ಯಾನರ್. ಅಂಗಾಂಶ ಎಕ್ಸ್-ಕಿರಣವನ್ನು ಹೀರುವ ಪ್ರಮಾಣವನ್ನು, ಸಾಂದ್ರತೆ ಮೊದಲೇ ಗೊತ್ತಿರುವ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜದಂಥ ಲವಣ) ಮಾದರಿಗಳೊಡನೆ ಹೋಲಿಸಿ, ಘನ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ತುಣುಕನ್ನು ಕತ್ತರಿಸಬೇಕಿಲ್ಲವಾದ್ದರಿಂದ ಅದನ್ನೇ ವಾರಗಟ್ಟಲೆ ಗಮನಿಸಬಹುದು. ವಿಕಿರಣ ಮಿತಿಮೀರಿದರೆ ಮಾತ್ರ ಕೋಶಗಳಿಗೇ ಹಾನಿ. ನಿಜವಾದ ತೊಡಕು ಹೊಸ್ತಿಲು ಮೌಲ್ಯದ್ದು, ಅಂದರೆ ಎಷ್ಟು ಸಾಂದ್ರತೆಗಿಂತ ಮೇಲಿನದನ್ನು ಮೂಳೆಯೆಂದು ಎಣಿಸಬೇಕೆಂಬ ಮಿತಿಯದ್ದು. ಎಳೆಯ ಮೂಳೆಯಲ್ಲಿ ಖನಿಜ ವಿರಳ. ಮಿತಿ ಏರಿಸಿದರೆ ಅದು ಲೆಕ್ಕದಿಂದ ಜಾರುತ್ತದೆ, ಇಳಿಸಿದರೆ ಚಿತ್ರದ ಗದ್ದಲವೂ ಮೂಳೆಯೆನಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಚೌಕಟ್ಟಾದರೆ, ಅದೂ ಖನಿಜವೇ ಆದ್ದರಿಂದ ಗೊಂದಲ ಇನ್ನೂ ಹೆಚ್ಚು. ಬಣ್ಣ ಹಾಕಿ ನೋಡುವ ವಿಧಾನಗಳಲ್ಲಿ ಅಲಿಜರಿನ್ ರೆಡ್ ಕ್ಯಾಲ್ಸಿಯಮ್ಮನ್ನೂ 1901ರ ಫಾನ್ ಕೊಸ್ಸಾ ಬೆಳ್ಳಿ ವಿಧಾನ ಫಾಸ್ಫೇಟನ್ನೂ ತೋರಿಸುತ್ತವೆ, ಸಾಂದ್ರತೆಯನ್ನಲ್ಲ. ಸತ್ತ ಕೋಶಗಳ ಸುತ್ತ ಸುಮ್ಮನೆ ಕಟ್ಟಿದ ಲವಣವೂ ಬಣ್ಣ ಹಿಡಿಯುವುದರಿಂದ, ಕಂಡದ್ದು ಮೂಳೆಯ ಅಪಟೈಟೇ ಎಂದು ತಿಳಿಯಲು ರಾಮನ್ ರೋಹಿತ ಹೆಚ್ಚು ನಂಬಲರ್ಹ.