ಘಟ್ಟವೂ ಕಡಲೂ: ಒಂದು ಪ್ರವಾಸಕ್ರಮದ ಚರಿತ್ರೆ

ಬೆಂಗಳೂರಿನಿಂದ ಹೊರಟು ಶಿವಮೊಗ್ಗೆ, ಸಾಗರಗಳ ಮೇಲೆ ಜೋಗಕ್ಕೆ ಹೋಗಿ, ಗೇರುಸೊಪ್ಪೆಯ ಘಟ್ಟವನ್ನಿಳಿದು ಹೊನ್ನಾವರವನ್ನು ಸೇರಿ, ಅಲ್ಲಿಂದ ಕಡಲ ತಡಿಯನ್ನೇ ಹಿಡಿದು ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿಗಳನ್ನು ಕಂಡು, ಆಗುಂಬೆಯ ಘಟ್ಟವನ್ನೇರಿ ತೀರ್ಥಹಳ್ಳಿಯ ಮಾರ್ಗವಾಗಿ ಹಿಂದಿರುಗುವ ಐದಾರು ದಿನಗಳ ಪ್ರವಾಸವು ಕನ್ನಡಿಗರಿಗೆ ಈಗ ಸುಪರಿಚಿತವಾದುದು. ಯಾವ ತಿಂಗಳಲ್ಲಿ ಹೊರಡಬೇಕು, ದಿನವೊಂದಕ್ಕೆ ಎಷ್ಟು ದಾರಿ ಸಾಗಬೇಕು, ರಾತ್ರಿ ಎಲ್ಲಿ ತಂಗಬೇಕು, ಯಾವ ಘಟ್ಟದಿಂದ ಇಳಿದು ಯಾವ ಘಟ್ಟದಿಂದ ಏರಬೇಕು ಎಂದು ಹೊರಡುವವರು ಮೊದಲೇ ಯೋಚಿಸುತ್ತಾರೆ. ಈ ಯೋಚನೆಗಳಾವುವೂ ಹೊಸವಲ್ಲ. ಆರು ಏಳು ನೂರು ವರ್ಷಗಳಿಂದ ಈ ದಾರಿಗಳಲ್ಲಿ ನಡೆದ ರಾಯಭಾರಿಗಳೂ ವರ್ತಕರೂ ಸೈನಿಕರೂ ಇವನ್ನೇ ಯೋಚಿಸಿದರು. ಆದರೆ ಅವರಿಗೆ ಉತ್ತರ ಕೊಡುತ್ತಿದ್ದುದು ಅವರವರ ಇಚ್ಛೆಯಲ್ಲ. ಮಳೆಯೂ ಹೊಳೆಯೂ ಕೊಡುತ್ತಿದ್ದುವು.

ನಾಡಿನ ರಚನೆಯೇ ಅಂಥದು. ಸಹ್ಯಾದ್ರಿಯು ಕಡಲಿಗೆ ಸಮೀಪವಾಗಿ ಗೋಡೆಯಂತೆ ನಿಂತಿರುವುದರಿಂದ ಅದರ ಮೇಲೆ ಬಿದ್ದ ಮಳೆಯ ನೀರೆಲ್ಲವೂ ಕಿರಿದಾದ ಕರಾವಳಿಯನ್ನು ಅಡ್ಡಲಾಗಿ ಸೀಳಿಕೊಂಡು ಸಮುದ್ರಕ್ಕೆ ಧುಮುಕುತ್ತದೆ. ಕಾರವಾರದಿಂದ ಮಂಗಳೂರಿಗೆ ಹೋಗುವವನು ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರದ ಹೊಳೆ, ಕುಂದಾಪುರದ ಪಂಚಗಂಗಾವಳಿ, ಸೀತಾ, ಸ್ವರ್ಣಾ, ಉದ್ಯಾವರದ ಹೊಳೆ, ಮೂಲ್ಕಿಯ ಶಾಂಭವಿ, ಫಲ್ಗುಣಿ ಇಷ್ಟನ್ನೂ ದಾಟಬೇಕು. ಇನ್ನೂ ತೆಂಕಲಿಗೆ ಹೋಗುವವನಿಗೆ ನೇತ್ರಾವತಿಯುಂಟು. ಸೇತುವೆಗಳಿಲ್ಲದ ಕಾಲದಲ್ಲಿ ಇವುಗಳಲ್ಲಿ ಪ್ರತಿಯೊಂದೂ ಒಂದು ಕಡವು. ದೋಣಿಯೂ ಗಾಳಿಯೂ ಉಬ್ಬರವೂ ಅನುಕೂಲವಾಗುವವರೆಗೆ ದಡದಲ್ಲಿ ಕುಳಿತಿರುವುದೇ ಪ್ರಯಾಣದ ಒಂದು ಭಾಗವಾಗಿದ್ದಿತು. ದಾರಿಯನ್ನು ಹರದಾರಿಗಳಿಂದ ಎಣಿಸುವುದಕ್ಕಿಂತ ಕಡವುಗಳಿಂದ ಎಣಿಸುವುದೇ ಇಲ್ಲಿ ಹೆಚ್ಚು ಯುಕ್ತವಾಗಿದ್ದಿರಬೇಕು.

ಮಳೆಯ ಕಟ್ಟಳೆಯಂತೂ ಇನ್ನೂ ಬಿಗಿಯಾದುದು. ಮುಂಗಾರು ಹಿಡಿದರೆ ಬಂದರುಗಳಲ್ಲಿ ಹಡಗುಗಳ ಸಂಚಾರ ನಿಲ್ಲುತ್ತಿದ್ದಿತು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿಯನ್ನೊಪ್ಪಿಸಿದ ಮೇಲೆ ಕಡಲು ಮತ್ತೆ ತೆರೆಯಿತೆಂದು ಲೆಕ್ಕ. ತುಳುನಾಡಿನ ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚುವ ಪದ್ಧತಿಯು ಇಂದಿಗೂ ನಡೆದಿದೆ. ಅನೇಕ ದಿನಗಳ ಸಂಚಾರವನ್ನು ಕ್ರಮವಾಗಿ ಗೊತ್ತುಪಡಿಸುವ ವಿದ್ಯೆ ಈ ನಾಡಿನಲ್ಲಿ ಯಾರಿಗಾದರೂ ಚೆನ್ನಾಗಿ ತಿಳಿದಿದ್ದರೆ ಅದು ಮೇಳದ ಯಜಮಾನರಿಗೇ ಸರಿ.

ಈ ತೀರದ ದಾರಿಯನ್ನು ಕುರಿತು ವಿವರವಾಗಿ ಬರೆದಿಟ್ಟವರಲ್ಲಿ ಮೊರಾಕ್ಕೋ ದೇಶದ ಇಬ್ನ್ ಬತೂತನು ಗಣ್ಯನು. ಕ್ರಿ. ಶ. 1342ರ ಸುಮಾರಿಗೆ ಇತ್ತ ಬಂದ ಅವನು, ಗೋವೆಯಿಂದ ಕೊಲ್ಲಮಿನವರೆಗಿನ ತೀರವನ್ನೆಲ್ಲ ಮಲಬಾರವೆಂದೇ ಕರೆದು, ಅದು ಎರಡು ತಿಂಗಳ ಕಾಲುದಾರಿಯೆಂದು ಹೇಳುತ್ತಾನೆ. ದಾರಿಯುದ್ದಕ್ಕೂ ಮರಗಳ ನೆರಳಿದ್ದಿತಂತೆ. ಅರ್ಧ ಮೈಲಿಗೊಂದರಂತೆ ಕುಳಿತುಕೊಳ್ಳಲು ಹಲಗೆಗಳಿದ್ದ ಮರದ ಚಾವಡಿ, ಅದರ ಬಳಿ ಬಾವಿ, ಬಾವಿಯ ಬಳಿ ನೀರು ಕೊಡುವವನೊಬ್ಬನು. ಹಿಂದುವಾದರೆ ಪಾತ್ರೆಯಲ್ಲಿಯೂ ಮುಸಲ್ಮಾನನಾದರೆ ಬೊಗಸೆಗೂ ನೀರು ಹಾಕುತ್ತಿದ್ದನೆಂಬುದನ್ನು ಅವನು ಮರೆಯದೆ ಬರೆದಿದ್ದಾನೆ. ಸವಾರಿಯ ಪ್ರಾಣಿಗಳಿಲ್ಲ, ಹೊರೆಯೆಲ್ಲವೂ ಆಳುಗಳ ಹೆಗಲ ಮೇಲೆಯೇ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಎಣಿಸಿದವನೂ ಇವನೇ. ಅರ್ಧ ಮೈಲಿಗೊಂದು ಚಾವಡಿಯಿದ್ದ ದಾರಿಯಲ್ಲಿ ಪ್ರವಾಸಿಯು ತಂಗುವ ಸ್ಥಳವನ್ನು ಮುಂದಾಗಿ ಚಿಂತಿಸುವ ಕಾರಣವೇ ಇರಲಿಲ್ಲವಲ್ಲವೆ!

ನೂರು ವರ್ಷಗಳ ತರುವಾಯ, 1443ರಲ್ಲಿ, ಪಾರಸಿಕ ದೊರೆ ಶಾರೂಖನ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿನಿಂದ ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಮಳೆ ಹಿಡಿಯುವುದಕ್ಕೆ ಮೊದಲು ಮೇಲಕ್ಕೆ, ಮಳೆ ಬಿಟ್ಟ ಬಹುಕಾಲದ ಮೇಲೆ ಕೆಳಕ್ಕೆ. ಇದೇ ಅವನ ಕ್ರಮ. ನಡುವಿನ ತಿಂಗಳುಗಳನ್ನು ರಾಜಧಾನಿಯಲ್ಲಿ ಕಳೆದುದರಿಂದಲೇ ಮಹಾನವಮಿಯ ವೈಭವದ ವರ್ಣನೆ ಲೋಕಕ್ಕೆ ಉಳಿಯಿತು.

ಮೇಲಿನವರಿಗೆಲ್ಲ ಒಂದೊಂದು ಕಾರ್ಯವಿದ್ದಿತು, ಇಲ್ಲವೆ ಆಶ್ರಯದ ಅಪೇಕ್ಷೆಯಿದ್ದಿತು. ನೋಡುವುದಕ್ಕಾಗಿಯೇ ಈ ಘಟ್ಟವನ್ನು ಹತ್ತಿದವನನ್ನು ಹುಡುಕಿದರೆ ರೋಮ್ ನಗರದ ಪಿಯೆತ್ರೊ ಡೆಲ್ಲಾ ವಾಲ್ಲೆಯ ಹೆಸರು ಎದ್ದು ತೋರುತ್ತದೆ. 1623ರಲ್ಲಿ ಗೋವೆಯ ಪೋರ್ತುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರವನ್ನು ಕಳುಹಿಸಿದಾಗ, ಅದರೊಡನೆ ಕೇವಲ ಕುತೂಹಲದಿಂದ ಹೊರಟವನು ಇವನು. ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈ ಎಂಬಾತನೂ ಜೊತೆಯಲ್ಲಿದ್ದನು. ಅವರು ಅಕ್ಟೋಬರಿನಲ್ಲಿ ಗೋವೆಯನ್ನು ಬಿಟ್ಟರು. ಅಂದರೆ ಮಳೆ ನಿಂತು, ಕಾಡು ಇನ್ನೂ ಹಸಿರಾಗಿ, ಹೊಳೆಗಳು ತುಂಬಿಯೂ ಶಾಂತವಾಗಿಯೂ ಇರುವ ಕಾಲ. ಹೊನ್ನಾವರದವರೆಗೆ ಕಡಲ ಮೇಲೆ, ಅಲ್ಲಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಮೇಲೆ, ಮುಂದೆ ಘಟ್ಟವನ್ನೇರಿ ಇಕ್ಕೇರಿಗೆ. ಭಾರವಾದ ಸಾಮಾನುಗಳಿದ್ದ ರಾಯಭಾರಕ್ಕೆ ಇದಕ್ಕಿಂತ ವಿವೇಕದ ದಾರಿ ಬೇರೊಂದಿರಲಿಲ್ಲ. ನೆಲದ ಕಷ್ಟವನ್ನು ಆದಷ್ಟು ನೀರಿಗೆ ಒಪ್ಪಿಸಿ, ಉಳಿದುದನ್ನು ಮಾತ್ರ ಕಾಲಿಗೆ ಬಿಟ್ಟಿದ್ದರು.

ಆ ಹೊಳೆಯ ಚೆಲುವನ್ನು ಡೆಲ್ಲಾ ವಾಲ್ಲೆಯು ಮನಸಾರೆ ಹೊಗಳಿದ್ದಾನೆ. ಘಟ್ಟದ ಕಾಡನ್ನು ಕಂಡಾಗ ಅವನಿಗೆ ಸ್ವದೇಶದ ಅಪೆನೈನ್ ಪರ್ವತಗಳ ನೆನಪಾಯಿತು. ಹಿಂದೆ ರಾಣಿಯೊಬ್ಬಳು ಆಳಿದ ದೊಡ್ಡ ನಗರವಾಗಿದ್ದ ಗೇರುಸೊಪ್ಪೆಯು ವೆಂಕಟಪ್ಪ ನಾಯಕನ ಕಾಲಕ್ಕೆ ಹಾಳಾಗಿ, ಕೆಲವು ಗುಡಿಸಲುಗಳೂ ಮರಗಳೂ ಮಾತ್ರ ಉಳಿದಿದ್ದುದನ್ನು ಅವನು ಮರುಕದಿಂದ ನೋಡಿದನು. ಮೆಣಸಿನ ವ್ಯಾಪಾರದಿಂದ ಪೋರ್ತುಗೀಸರಲ್ಲಿಯೂ ಹೆಸರಾದ ಪಟ್ಟಣ ಅದು. ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯು ಅದರ ಗುರುತಾಗಿ ಈಗಲೂ ಉಳಿದಿದೆ. ಘಟ್ಟದ ದಾರಿಯಲ್ಲಿ ತಂಗಿದಾಗ ದೇವಸ್ಥಾನದ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಒಟ್ಟಿಗೆ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬಹಳ ಹೊತ್ತು ನೋಡಿ ಸಂತೋಷಪಟ್ಟನು. ಹಿಂದಿರುಗುವಾಗ ಬೇರೆ ದಾರಿಯಿಂದ ಬಸರೂರಿಗಿಳಿದು, ಮಂಗಳೂರಿಗೆ ಹೋಗಿ, ಉಳ್ಳಾಲದ ರಾಣಿಯನ್ನು ಕಂಡನು. ಒಂದು ಘಟ್ಟದಿಂದ ಏರಿ ಮತ್ತೊಂದರಿಂದ ಇಳಿದು ಕಡಲ ತಡಿಯನ್ನು ನೋಡುವ ಇಂದಿನ ಪ್ರವಾಸಕ್ರಮವು ಅವನ ವೃತ್ತಾಂತದಲ್ಲಿ ಆಗಲೇ ಪೂರ್ಣವಾಗಿ ಇದೆ. ಒಂದೇ ದಾರಿಯಲ್ಲಿ ಹೋಗಿ ಬರುವುದು ನೋಡುವವನಿಗೆ ಒಗ್ಗದು.

ಸೈನ್ಯಗಳ ಕಥೆಯನ್ನು ಇಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ. 1783ರ ಜನವರಿಯಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಕುಂದಾಪುರದಿಂದ ಹೊಸಂಗಡಿಯ ಘಟ್ಟವನ್ನೇರಿ ಬಿದನೂರನ್ನು ಹಿಡಿದನು. ಅದೇ ವರ್ಷ ಮಳೆಗಾಲಕ್ಕೆ ಮೊದಲೇ ಟಿಪ್ಪು ಸುಲ್ತಾನನು ಅದನ್ನು ಮರಳಿ ತೆಗೆದುಕೊಂಡನು. ಗೆದ್ದವನೂ ಸೋತವನೂ ಒಂದೇ ಪಂಚಾಂಗವನ್ನು ನೋಡುತ್ತಿದ್ದರು.

ಪ್ರವಾಸವನ್ನು ಗೊತ್ತುಪಡಿಸುವುದರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಅಚ್ಚುಕಟ್ಟು ಬೇರೊಂದು ತೆರನಾದುದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟನು. ಮಳೆಯ ತಿಂಗಳುಗಳನ್ನು ಘಟ್ಟದ ಮೇಲಿನ ಮೈಸೂರು ಸೀಮೆಯಲ್ಲಿ ಕಳೆದು, ಮಳೆ ಕಳೆದ ಮೇಲೆ ಮಲಬಾರಕ್ಕಿಳಿದು, 1801ರ ಆರಂಭದಲ್ಲಿ ಕನ್ನಡ ಜಿಲ್ಲೆಯನ್ನು ತೆಂಕಣಿಂದ ಬಡಗಕ್ಕೆ ಕ್ರಮಿಸಿದನು. ಮೂಡಬಿದಿರೆ, ಕಾರ್ಕಳ, ಉಡುಪಿ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ಕಂಡು, ಬೇಸಗೆ ಬಲಿಯುವ ವೇಳೆಗೆ ಮತ್ತೆ ಘಟ್ಟವನ್ನೇರಿ ಸೋಂದೆ, ಬನವಾಸಿ, ಇಕ್ಕೇರಿ, ನಗರಗಳ ಕಡೆಗೆ ನಡೆದನು. ದಿನಕ್ಕೆ ಮೂರು ನಾಲ್ಕು ಹರದಾರಿ. ತಂಗಿದಲ್ಲಿ ಊರ ಜನರನ್ನು ಕರೆಸಿ ಪ್ರಶ್ನೆ. ಅಡಕೆಯ ತೋಟಕ್ಕೆ ಎಷ್ಟು ಸೊಪ್ಪು ಹಾಕುತ್ತಾರೆ, ಮೆಣಸಿನ ಬಳ್ಳಿಯನ್ನು ಯಾವ ಮರಕ್ಕೆ ಹಬ್ಬಿಸುತ್ತಾರೆ, ಗೇಣಿ ಎಷ್ಟು, ಎಲ್ಲವೂ ಅವನಿಗೆ ಬೇಕು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಗ್ರಂಥವು ಆಳುವವರಿಗಾಗಿ ಬರೆದುದು ನಿಜ. ಆದರೂ ನಿಧಾನವಾಗಿ ನಡೆದವನು ಎಷ್ಟನ್ನು ಕಾಣಬಲ್ಲನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟ.

ಈಗಿನ ಘಟ್ಟದ ರಸ್ತೆಗಳಲ್ಲಿ ಕೆಲವು ಹತ್ತಿಯ ಋಣದಿಂದಾದುವು. ಕುಮಟೆಯ ಬಂದರಿನಿಂದ ಹೋಗುತ್ತಿದ್ದ ಧಾರವಾಡ ಸೀಮೆಯ ಹತ್ತಿಯು ಇಂಗ್ಲೆಂಡಿನ ಪೇಟೆಗಳಲ್ಲಿ ಆ ಬಂದರಿನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದಿತು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಗೆ ಬೆಲೆಯೇರಿದ ಕಾಲದಲ್ಲಿ, 1862ರಲ್ಲಿ, ಕನ್ನಡ ಜಿಲ್ಲೆಯನ್ನು ಒಡೆದು ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರದ ಬಂದರೂ ಘಟ್ಟದ ಬಂಡಿದಾರಿಗಳೂ ಬೆಳೆದುವು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ದೇವಿಮನೆಯ ಘಟ್ಟವನ್ನಿಳಿದ ಬಂಡಿಗಳು ಉಪ್ಪನ್ನೂ ತೆಂಗಿನಕಾಯಿಯನ್ನೂ ಹೇರಿಕೊಂಡು ಹಿಂದಿರುಗುತ್ತಿದ್ದುವು. 1880ರ ದಶಕದಲ್ಲಿ ರೈಲು ಮುರಗೋವೆಯ ಬಂದರನ್ನು ಮುಟ್ಟಿದ ಮೇಲೆ ಹತ್ತಿಯು ಆ ಕಡೆಗೆ ತಿರುಗಿತು. ಬಂಡಿಗಳು ವಿರಳವಾದುವು, ರಸ್ತೆಗಳು ಉಳಿದುವು.

ಜಿಲ್ಲೆ ಒಡೆದುದರ ಮತ್ತೊಂದು ಫಲವನ್ನು ಜೋಗದಲ್ಲಿ ಕಾಣಬಹುದಾಗಿದ್ದಿತು. 830 ಅಡಿ ಆಳಕ್ಕೆ ಧುಮುಕುವ ಶರಾವತಿಯೇ ಅಲ್ಲಿ ಮೈಸೂರಿಗೂ ಮುಂಬಯಿಗೂ ಗಡಿ. ಒಂದು ದಡದಲ್ಲಿ ಮೈಸೂರು ಬಂಗಲೆ, ಮತ್ತೊಂದು ದಡದಲ್ಲಿ ಮುಂಬಯಿ ಬಂಗಲೆ. ಐದಾರು ದಿನಗಳ ಈ ಪ್ರವಾಸವನ್ನು ಅಂದು ಕೈಕೊಂಡವನು ಮೈಸೂರು ಸಂಸ್ಥಾನದಿಂದ ಹೊರಟು ಮುಂಬಯಿ ಪ್ರಾಂತವನ್ನು ಹೊಕ್ಕು, ಭಟ್ಕಳವನ್ನು ದಾಟಿ ಮದರಾಸು ಪ್ರಾಂತವನ್ನು ಸೇರಿ, ಆಗುಂಬೆಯಲ್ಲಿ ಮತ್ತೆ ಮೈಸೂರಿಗೆ ಬರುತ್ತಿದ್ದನು. ಸರಕಾರಗಳು ಮೂರು, ಕೇಳುತ್ತಿದ್ದ ಭಾಷೆ ಬಹುಮಟ್ಟಿಗೆ ಒಂದೇ. 1956ರ ನವೆಂಬರ್ 1ರಂದು ಆ ಗಡಿಗಳು ಅಳಿದುವು.

ಆ ದಿನಗಳಲ್ಲಿ ಜೋಗಕ್ಕೆ ಹೋಗಲು ಯೋಗ್ಯವಾದ ಕಾಲವು ಮಳೆ ಕಳೆದ ಮೇಲಿನ ತಿಂಗಳುಗಳೇ ಆಗಿದ್ದಿತು. ಮಳೆಗಾಲದಲ್ಲಿ ಕಣಿವೆಯನ್ನೆಲ್ಲ ಮಂಜು ತುಂಬುವುದರಿಂದ ಜಲಪಾತವು ಕಣ್ಣಿಗೆ ಸಿಕ್ಕುವುದು ಅಪರೂಪ, ದಾರಿಯೂ ದುರ್ಗಮ. 1900ರಲ್ಲಿ ಅಲ್ಲಿಗೆ ಬಂದ ವೈಸರಾಯ್ ಕರ್ಜನನೂ ನವೆಂಬರ್ ತಿಂಗಳನ್ನೇ ಆರಿಸಿಕೊಂಡಿದ್ದನು. ನೋಟಕ್ಕೆ ಒಳ್ಳೆಯ ಕಾಲವೂ ದಾರಿಗೆ ಒಳ್ಳೆಯ ಕಾಲವೂ ಒಂದೇ ಆಗಿದ್ದುವೆಂಬುದು ಗಮನಿಸತಕ್ಕ ಸಂಗತಿ.

ಈ ಹೊಂದಿಕೆಯನ್ನು ಮುರಿದುದು ವಿದ್ಯುತ್ತು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ಮೇಲ್ಕಣಿವೆಯ ಹಳ್ಳಿಗಳೂ ಗದ್ದೆಗಳೂ ತೋಟಗಳೂ ನೀರಿನಲ್ಲಿ ಮುಳುಗಿದುವು. ಮನೆಮಾರುಗಳನ್ನು ಕಳೆದುಕೊಂಡು ಎದ್ದುಹೋದವರ ಕಥೆಯು ಪ್ರತ್ಯೇಕವಾಗಿ ಬರೆಯಬೇಕಾದುದು. ಪ್ರವಾಸಿಗೆ ಆದ ವ್ಯತ್ಯಾಸವೇನೆಂದರೆ, ಹಿಂಗಾರಿನ ತಿಂಗಳುಗಳಲ್ಲಿ ನೀರೆಲ್ಲ ಅಣೆಕಟ್ಟಿನ ಹಿಂದೆ ನಿಲ್ಲುವುದರಿಂದ, ಜೋಗವನ್ನು ತುಂಬಿದಂತೆ ನೋಡಬೇಕಾದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಹೋಗಬೇಕಾಯಿತು. ಆರು ಶತಮಾನಗಳ ಕಾಲ ಪಯಣಿಗರು ಮನೆಯಲ್ಲಿ ಕುಳಿತಿರುತ್ತಿದ್ದ ತಿಂಗಳುಗಳು ಅವು. ಹೊಳೆಗಳ ಮೇಲೆ ಸೇತುವೆಗಳಾಗಿ ಕಡವುಗಳ ಕಾಯುವಿಕೆ ತಪ್ಪಿದುದೂ, ಮೋಟಾರು ಮನೆಮನೆಗೆ ಬಂದುದೂ ಇದಕ್ಕೆ ಜೊತೆಗೂಡಿದುವು. ಮಳೆಯನ್ನೇ ನೋಡಲು ಘಟ್ಟಕ್ಕೆ ಹೋಗುವ ಪದ್ಧತಿಯು ಹೀಗೆ ಬೇರೂರಿತು. ಹೊಸ ಜಲಾಶಯದ ಹಿನ್ನೀರಿನ ಮೇಲೆ ಮಾತ್ರ ಹಳೆಯ ಕಡವಿನ ಕಟ್ಟಳೆಯು ಬಹುಕಾಲ ಉಳಿದಿದ್ದಿತು. ಸಿಗಂದೂರಿಗೆ ಹೋಗುವವರು ಲಾಂಚಿನ ಹೊತ್ತನ್ನು ಕಾಯುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆಯು ತೆರೆದ ಮೇಲೆ ಅದೂ ತಪ್ಪಿತು.

ಕರಾವಳಿಯ ಹೆದ್ದಾರಿಯನ್ನು ನಾಲ್ಕು ಸಾಲಿನದಾಗಿ ಹಿಗ್ಗಿಸುವಾಗ ಕಾರವಾರ, ಅಂಕೋಲೆಗಳ ಕಡೆ ಗುಡ್ಡಗಳ ಬುಡವನ್ನು ಕಡಿದು ನೆಟ್ಟಗೆ ನಿಲ್ಲಿಸಿದರು. ಬಂಡಿದಾರಿಯನ್ನು ಮಾಡಿದವರು ಗುಡ್ಡವನ್ನು ಸುತ್ತಿಕೊಂಡು ಹೋಗುತ್ತಿದ್ದರು. ವೇಗವನ್ನು ಬಯಸುವ ದಾರಿಗೆ ಸುತ್ತು ಸಲ್ಲದು. 2024ರ ಜುಲೈ 16ರ ಬೆಳಗ್ಗೆ, ಎಡೆಬಿಡದ ಮಳೆಯಲ್ಲಿ, ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿಯೊಳಕ್ಕೆ ಜಾರಿತು. ದಾರಿಯ ಮಗ್ಗುಲಲ್ಲಿ ಚಹದಂಗಡಿಯನ್ನಿಟ್ಟುಕೊಂಡಿದ್ದ ಕುಟುಂಬವೂ, ಅಲ್ಲಿ ದಣಿವಾರಿಸಿಕೊಳ್ಳಲು ನಿಂತಿದ್ದವರೂ ಅದರಲ್ಲಿ ಸಿಕ್ಕಿಕೊಂಡರು. ಹೊಳೆಯೊಳಗೆ ಹೂತುಹೋದ ಮರದ ಲಾರಿಯೊಂದನ್ನು ಅದರ ಚಾಲಕನ ದೇಹದೊಡನೆ ಹೊರಕ್ಕೆ ತೆಗೆದುದು ಸೆಪ್ಟೆಂಬರ್ 25ರಂದು. ಅಷ್ಟರಲ್ಲಿ ಎರಡು ತಿಂಗಳುಗಳು ಕಳೆದಿದ್ದುವು. ಈ ನಡುವೆ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕಾಳಿ ಹೊಳೆಯ ಹಳೆಯ ಸೇತುವೆಯು ಮುರಿದುಬಿದ್ದಿತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದರು. ಸದಾಶಿವಗಡದ ಬುಡದಲ್ಲಿ, ಹಿಂದಿನವರು ದೋಣಿಗಾಗಿ ಕಾಯುತ್ತ ಕುಳಿತಿರುತ್ತಿದ್ದ ಹೊಳೆಯದು.