ತಂಬೂರಿಯ ಶ್ರುತಿ, ಗಿಟಾರಿನ ಸೊಲ್ಲು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನೊಳಗೊಂಡ ನಮ್ಮ ಮಂಡ್ಯ ಸೀಮೆಯಲ್ಲಿ ‘ತಂಬೂರಿಯವರು’ ಎಂದರೆ ತತ್ವಪದ ಹಾಡುವವರು, ಇಲ್ಲವೆ ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರು. ಹಾಡುಗಾರನಿಗೆ ವಾದ್ಯವೇ ಹೆಸರು ಕೊಟ್ಟಿತೆಂದರೆ ಅದು ಕೇವಲ ಪಕ್ಕವಾದ್ಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಹೋಲಿಸಬಹುದಾದ ನಿದರ್ಶನವೊಂದು ದೂರದ ಅಮೆರಿಕದಲ್ಲಿದೆ. ಅಲ್ಲಿನ ದಕ್ಷಿಣ ಪ್ರಾಂತ್ಯಗಳ ಹತ್ತಿಯ ಹೊಲಗಳಲ್ಲಿ ದುಡಿದ ಕರಿಯ ಜನ ಬ್ಲೂಸ್ ಎಂಬ ಹಾಡಿನ ಬಗೆಯನ್ನು ಬೆಳೆಸಿದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಂಚೆಯ ಮೂಲಕ ಅಗ್ಗದ ಬೆಲೆಗೆ ದೊರೆಯುತ್ತಿದ್ದ ಗಿಟಾರು ಅವರ ಸಂಗಾತಿಯಾಯಿತು. ಹಾಡುಗಾರ ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ. ಉಳಿದ ಮಾತನ್ನು ತಂತಿ ಆಡುತ್ತದೆ. ಸೀಸೆಯ ಕೊರಳನ್ನೋ ಚಾಕುವನ್ನೋ ತಂತಿಯ ಮೇಲೆ ಜಾರಿಸಿ ಮನುಷ್ಯನ ನರಳಿಕೆಯನ್ನೇ ಹೊರಡಿಸುತ್ತಿದ್ದರು. 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ ರಾಬರ್ಟ್ ಜಾನ್ಸನ್ ಧ್ವನಿಮುದ್ರಿಸಿದ 29 ಹಾಡುಗಳನ್ನು ಕೇಳಿದವರಿಗೆ, ಒಬ್ಬನೇ ಹಾಡುತ್ತಿದ್ದಾನೆಂದು ನಂಬುವುದು ಕಷ್ಟ.

ನಮ್ಮ ತಂಬೂರಿ ಹಾಗೆ ಮಾತನಾಡುವುದಿಲ್ಲ. ಶ್ರುತಿ ಹಿಡಿಯುತ್ತದೆ, ಮೀಟುವ ಬೆರಳಿನಿಂದಲೇ ಲಯವನ್ನೂ ಕಾಯುತ್ತದೆ. ನೀಲಗಾರನ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಅವನ ಸಾಲಿಗೆ ಉತ್ತರ ಕೊಡುವುದು ತಂತಿಯಲ್ಲ, ಸೊಲ್ಲೆತ್ತುವ ಹಿಮ್ಮೇಳ. ಬ್ಲೂಸಿನ ಹಾಡುಗಾರ ಊರು ಬಿಟ್ಟು ಹೊರಟ ಒಂಟಿ. ಆದ್ದರಿಂದ ಅವನಿಗೆ ಮರುಮಾತಾಡುವ ವಾದ್ಯ ಬೇಕಾಯಿತು. ನೀಲಗಾರನದು ದೀಕ್ಷೆ ಪಡೆದ ಒಕ್ಕಲು, ಒಂದು ಮೇಳ. ಆದರೂ ಇಬ್ಬರೂ ಒಂದೇ ದಾರಿಯವರು: ಕೀಳೆಂದು ದೂಡಲ್ಪಟ್ಟವರ ಪರವಾಗಿ ದೊಡ್ಡವರನ್ನು ಪ್ರಶ್ನಿಸಬಲ್ಲ ದನಿ ಇಬ್ಬರದೂ. ಕಲ್ಯಾಣದ ಬಸವಣ್ಣನನ್ನೇ ಪರೀಕ್ಷಿಸಲು ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ ಹೋಗಲಿಲ್ಲವೇ?

ನಾಗಮಂಗಲ ತಾಲ್ಲೂಕು ನಾಡಿಗೆ ಇಬ್ಬರು ಜಾನಪದ ಸಂಗ್ರಾಹಕರನ್ನು ಕೊಟ್ಟಿದೆ: ಜೀ.ಶಂ. ಪರಮಶಿವಯ್ಯನವರು ಮತ್ತು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು. ಇಂಥವರ ದುಡಿಮೆಯಿಂದ ಹಾಡುಗಳ ಪಠ್ಯ ನಮಗೆ ಉಳಿದಿದೆ. ನಾನೂ ತರಗತಿಯಲ್ಲಿ ವರ್ಷಗಟ್ಟಲೆ ಆ ಪಠ್ಯವನ್ನೇ ಪಾಠ ಹೇಳಿದವನು. ಆದರೆ ಅಚ್ಚಿನ ಪುಟದಲ್ಲಿ ಸಾಲು ಮುಗಿದೆಡೆ ಇರುವುದು ಬರಿಯ ಬಿಳಿ ಜಾಗ. ಹಾಡಿನಲ್ಲಿ ಆ ಜಾಗವನ್ನು ತಂಬೂರಿ ತುಂಬುತ್ತದೆ. ಹಾಡುಗಾರ ಮುಂದಿನ ಸಾಲನ್ನು ನೆನೆಯುವುದು, ಕೇಳುಗ ಹಿಂದಿನದನ್ನು ಅರಗಿಸಿಕೊಳ್ಳುವುದು ಆ ನಾದದಲ್ಲಿಯೇ.

ಜಾನ್ಸನ್ನನ ಗಿಟಾರನ್ನು ಧ್ವನಿಮುದ್ರಿಕೆ ಉಳಿಸಿತು. ಅದನ್ನು ಕೇಳಿ ಮುಂದಿನ ತಲೆಮಾರು ನುಡಿಸಲು ಕಲಿಯಿತು. ನಮ್ಮಲ್ಲಿ ಗ್ರಂಥಗಳಿಗೆ ಕೊರತೆಯಿಲ್ಲ. ಹಳ್ಳಿಯ ಜಗಲಿಯಲ್ಲಿ ಹಿರಿಯನೊಬ್ಬ ತಂಬೂರಿ ಹಿಡಿದು ಕುಳಿತಿರುವಾಗಲೇ ಅವನ ಪಕ್ಕದಲ್ಲಿ ಹುಡುಗನೊಬ್ಬ ಕೂರುವಂತಾಗಬೇಕು. ಏಕೆಂದರೆ, ಪದವನ್ನು ಪುಸ್ತಕದಿಂದ ಕಲಿಯಬಹುದು, ಮೀಟನ್ನು ಕಲಿಯಲು ಇನ್ನೊಂದು ಕೈಯನ್ನು ನೋಡಲೇಬೇಕು.