ಅಂಕಗಳ ಕಂಠಾಭರಣ

ಮಾನ್ಯಖೇಟದಿಂದ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಚಿತ್ತವು 'ಕವಿರಾಜಮಾರ್ಗ'ದ ಕಡೆಗೆ ಹರಿಯುವುದು ಸಹಜವೇ ಆದರೂ, ಅದೇ ರಾಷ್ಟ್ರಕೂಟ ಚಕ್ರವರ್ತಿಯ ಆಳ್ವಿಕೆಯಲ್ಲಿ, ಕ್ರಿ. ಶ. 850ರ ಸುಮಾರಿಗೆ, ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಆ ಯುಗದ ಸಾರಸ್ವತ ವೈಭವಕ್ಕೆ ಕಡಮೆಯಲ್ಲದ ಸಾಕ್ಷಿಯಾಗಿದೆ. ಏಕ, ದಶ, ಶತವೆಂದು ಮೊದಲುಗೊಂಡು ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳನ್ನು ಹೇಳಿದ ಆ ಆಚಾರ್ಯನಿಗೆ ಮಹಾಸಂಖ್ಯೆಗಳಲ್ಲಿ ಇದ್ದ ಪ್ರೀತಿ ಗ್ರಂಥದ ಆರಂಭದಲ್ಲಿಯೇ ವ್ಯಕ್ತವಾಗುತ್ತದೆ.

ಗುಣಾಕಾರಕ್ಕೆ ಅವನು 'ಪ್ರತ್ಯುತ್ಪನ್ನ'ವೆನ್ನುತ್ತಾನೆ. ಆ ಪ್ರಕರಣದಲ್ಲಿ ಅವನೊಡ್ಡುವ ಲೆಕ್ಕಗಳು ಸಂತೆಯ ಧಾನ್ಯವನ್ನಳೆಯುವುದಕ್ಕೆ ಮಾತ್ರ ಹುಟ್ಟಿದವಲ್ಲ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 333333666667ನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳಲ್ಲಿ ಕೆಲವನ್ನು ಅವನು ಅರಸರ ಕೊರಳಿಗೊಪ್ಪುವ ಕಂಠಾಭರಣವೆಂದು ಕರೆದಿರುವನು. ಹಾರದ ಎರಡು ಪಾರ್ಶ್ವಗಳಲ್ಲಿಯೂ ಮಣಿಗಳು ಸಮನಾಗಿ ಬೀಳಬೇಕಷ್ಟೆ!

ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಇದೇ ಗ್ರಂಥದ 12345654321 ಎಂಬ ಸಂಖ್ಯೆ. ಇದನ್ನು ಆಚಾರ್ಯನು ಅಂಕ ಅಂಕವಾಗಿ ಹೇಳುವುದಿಲ್ಲ. ಒಂದರಿಂದ ತೊಡಗಿ ಆರರವರೆಗೆ ಏರಿ, ಅಲ್ಲಿಂದ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ರೂಪವನ್ನೇ ವರ್ಣಿಸುತ್ತಾನೆ. ಇದು 111111ರ ವರ್ಗ. ಆರು ಒಂದುಗಳ ಸಾಲನ್ನು ಪ್ರತಿಬಾರಿಯೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಆರು ಬಾರಿ ಬರೆದು ಕೂಡಿಸಿದರೆ, ತುದಿಯ ಸ್ಥಾನಗಳಲ್ಲಿ ಒಂದೊಂದೇ ಒಂದು, ನಟ್ಟನಡುವೆ ಆರು ಒಂದುಗಳು ನಿಲ್ಲುತ್ತವೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವನ್ನು ಮುಂದಕ್ಕೆ ಒಯ್ಯಬೇಕಾದ ಪ್ರಸಂಗವೇ ಬಾರದು. ಒಂಬತ್ತು ಒಂದುಗಳವರೆಗೆ ಈ ಸೌಷ್ಠವ ಉಳಿಯುತ್ತದೆ. ಹತ್ತನೆಯದನ್ನು ಸೇರಿಸಿದೊಡನೆ ನಡುವಿನ ಸ್ಥಾನ ತುಂಬಿ ಹರಿದು, ಏರಿಳಿತದ ಅಂದ ಕೆಡುತ್ತದೆ.

ಆಂಧ್ರದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ಕೊಟ್ಟರು. ಆ ಉಪಕಾರದಿಂದಲೇ ಇಂದು ನಾವು ಆಚಾರ್ಯನ ಕೈಚಳಕವನ್ನು ಪರೀಕ್ಷಿಸಿ ನೋಡಬಹುದಾಗಿದೆ. 111111ನ್ನು ಅದರಿಂದಲೇ ಗುಣಿಸೆಂದಿದ್ದರೆ ಉತ್ತರದ ಸೊಬಗು ಪ್ರಶ್ನೆಯಲ್ಲಿಯೇ ಬಯಲಾಗುತ್ತಿತ್ತು. ಅವನಾದರೋ 12345654321ಕ್ಕೆ 441ನ್ನು ಜೊತೆಮಾಡಿದನು. ಭಾಗಿಸಿದರೆ ಬರುವುದು 27994681, ಯಾವ ಅಂದವನ್ನೂ ತೋರದ ಒರಟು ಸಂಖ್ಯೆ. ಬಿಡಿಸಿ ನೋಡಿದರೆ 111111ರ ಒಳಗಿರುವ ಅವಿಭಾಜ್ಯಗಳು 3, 7, 11, 13 ಮತ್ತು 37. ಮೊದಲೆರಡರ ಗುಣಲಬ್ಧವಾದ 21ರ ವರ್ಗವೇ 441. ಉಳಿದ ಮೂರರ ಗುಣಲಬ್ಧವಾದ 5291ರ ವರ್ಗವೇ 27994681.